ಹೆಸರು ಬೇಕು, ಮುಖ ಬೇಡ: ಸಣ್ಣ ಊರಿನಿಂದ ಕ್ವಿಯರ್ ಸಿನಿಮಾ ಮಾಡುವ ಬಗ್ಗೆ

ನನ್ನ ಧ್ವನಿ ಕೇಳ್ತಾ ಇದೆ ಅಂದ್ಕೊಳ್ತೀನಿ. ಪಲ್ಲಡದ ನಮ್ಮ ಮನೆಯಿಂದ ಮಾತಾಡಬೇಕು ಅಂತಿತ್ತು, ಆಗಲಿಲ್ಲ. ನಮ್ಮದು ಕನ್ನಡ ಮಾತಾಡುವ ದೇವಾಂಗರ ಮನೆ. ತಲೆಮಾರುಗಳಿಂದ ತಮಿಳುನಾಡಲ್ಲಿದ್ದೀವಿ, ಓದಿದ್ದು ತಮಿಳು, ಮನೆ ಮಾತು ಮಾತ್ರ ಕನ್ನಡ. ಹಾಗಾಗಿ ನಾನು ಇಲ್ಲಿ ಹೇಳುವುದೆಲ್ಲ ಅಮ್ಮನಿಗೆ ಅಡುಗೆಮನೆಗೇ ಕೇಳಿಸುತ್ತೆ. ಅದಕ್ಕೆ ತಿರುಪ್ಪೂರಿನಲ್ಲಿ ಗೆಳೆಯರೊಬ್ಬರ ಕೋಣೆಯಲ್ಲಿ ಕೂತಿದ್ದೀನಿ. ನಾನು ಕ್ವಿಯರ್ ಅಂತ ನಮ್ಮ ವಿಭಾಗದಲ್ಲಿ ಗೊತ್ತು, ಊರಲ್ಲಿ ಗೊತ್ತಿಲ್ಲ. ಇವತ್ತಿನ ವಿಷಯವೂ ಇದೇ: ಇಂಥ ಕಥೆ ಹೇಳ್ತಾ ಸಿನಿಮಾದಲ್ಲಿ ಮೇಲೆ ಬರೋದು ಹೇಗೆ, ಮತ್ತು ಯಾರ ಖರ್ಚಿನಲ್ಲಿ?

ಮೊದಲು ಮಂಡ್ಯದಲ್ಲಿ ಹುಟ್ಟಿದ ಒಬ್ಬರ ಉದಾಹರಣೆ. ಶ್ರೀಧರ್ ರಂಗಾಯನ್ ಮುಂಬೈಗೆ ಹೋಗಿ, 2001ರಲ್ಲಿ ಸೋಲಾರಿಸ್ ಪಿಕ್ಚರ್ಸ್ ಅನ್ನುವ ಸ್ವಂತ ಸಂಸ್ಥೆ ಶುರು ಮಾಡಿದರು. ಅವರ ‘ಗುಲಾಬಿ ಆಯಿನಾ’ಗೆ 2003ರಲ್ಲಿ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲಿಲ್ಲ. ಚಿತ್ರಮಂದಿರದ ಬಾಗಿಲು ಮುಚ್ಚಿತು ಅಂದರೆ ಸಾಮಾನ್ಯವಾಗಿ ಅಲ್ಲಿಗೆ ಮುಗಿದ ಹಾಗೆ. ಆದರೆ ಅವರು ಬೇರೆ ಬೇರೆ ದೇಶಗಳ ಚಿತ್ರೋತ್ಸವಗಳಲ್ಲಿ ಅದನ್ನು ತೋರಿಸಿದರು. 2010ರಲ್ಲಿ ಮುಂಬೈನಲ್ಲೇ ‘ಕಶಿಶ್’ ಕ್ವಿಯರ್ ಚಿತ್ರೋತ್ಸವ ಶುರುವಾದಾಗ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಸೆಕ್ಷನ್ 377ರ ಬಗ್ಗೆ ಮಾಡಿದ ‘ಬ್ರೇಕಿಂಗ್ ಫ್ರೀ’ ಸಾಕ್ಷ್ಯಚಿತ್ರಕ್ಕೆ ಸಂಕಲನದ ರಾಷ್ಟ್ರಪ್ರಶಸ್ತಿ ಬಂತು. 2018ರ ‘ಈವನಿಂಗ್ ಶ್ಯಾಡೋಸ್’ಗೆ ಅವರು ಮತ್ತೆ ಈ ಕಡೆಗೇ ಬಂದರು. ದಕ್ಷಿಣದ ಸಣ್ಣ ಊರಲ್ಲಿ ಮಗ ತಾಯಿಗೆ ತನ್ನ ವಿಷಯ ಹೇಳುವ ಆ ಚಿತ್ರದ ಚಿತ್ರೀಕರಣ ನಡೆದದ್ದು ಶ್ರೀರಂಗಪಟ್ಟಣದಲ್ಲಿ.

ಇದರಲ್ಲಿ ನಾನು ಗಮನಿಸಿದ್ದು ಏನಂದ್ರೆ, ಏಣಿ ಇಲ್ಲದ ಕಡೆ ಅವರು ಏಣಿಯನ್ನೇ ಮಾಡಿಕೊಂಡರು. ಸಿನಿಮಾ ಮಾಡುವುದರ ಜೊತೆಗೆ ಸಿನಿಮಾ ತೋರಿಸುವ ಜಾಗವನ್ನೂ ಕಟ್ಟಿದರು. ನಮ್ಮ ಪಕ್ಕದ ಪೊಳ್ಳಾಚಿಯ ಕಲ್ಕಿ ಸುಬ್ರಮಣ್ಯಂ ಕೂಡ ಹೀಗೇ. ಅವರು ‘ಸಹೋದರಿ’ ಸಂಸ್ಥೆ ಕಟ್ಟಿದರು, 2011ರ ತಮಿಳು ಚಿತ್ರ ‘ನರ್ತಗಿ’ಯಲ್ಲಿ ನಟಿಸಿದರು. ತಿರುನಂಗೈ ಪಾತ್ರವನ್ನು ತಿರುನಂಗೈಯೇ ಮಾಡುವುದು ಆಗ ಅಪರೂಪ.

ಇನ್ನೊಂದು ಉದಾಹರಣೆ ನಮ್ಮ ಭಾಷೆಯದ್ದೇ. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ ಆಧರಿಸಿದ್ದು. ಅದರ ನಟನೆಗೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು, ಮೇಕಪ್‌ಗೂ ಸಿಕ್ಕಿತು. ವಿಜಯ್ ಅವರ ಅಭಿನಯದ ಬಗ್ಗೆ ನನಗೆ ತಕರಾರಿಲ್ಲ. ಆ ಚಿತ್ರ ನೋಡಿಯೇ ನಾನು ಈ ಓದಿಗೆ ಬಂದದ್ದು. ಆದರೆ ವಿದ್ಯಾ ಸ್ವತಃ ರಂಗಭೂಮಿಯವರು, ತಮಿಳು ಸಿನಿಮಾದಲ್ಲಿ ಸಹಾಯಕ ನಿರ್ದೇಶಕಿಯಾಗಿ ದುಡಿದವರು. ಬದುಕು ಅವರದ್ದು, ಅದರಿಂದ ವೃತ್ತಿ ಬೆಳೆದದ್ದು ಬೇರೆಯವರದ್ದು. ಯಾರ ಮೇಲೂ ತಪ್ಪು ಹೊರಿಸದೆಯೂ ಈ ಲೆಕ್ಕವನ್ನು ನಾವು ಬರೆದಿಡಬಹುದು.

ಈಗ ದಾರಿಗಳು. ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ ಪ್ರಮಾಣಪತ್ರ ಬೇಕು. ಮಂಡಳಿ ನಿರಾಕರಿಸಿದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಇತ್ತು. 2021ರಲ್ಲಿ ಅದನ್ನು ರದ್ದು ಮಾಡಿದರು, ಈಗ ಹೈಕೋರ್ಟಿಗೆ ಹೋಗಬೇಕು. ವಿದ್ಯಾರ್ಥಿಯ ಕಿರುಚಿತ್ರಕ್ಕೆ ವಕೀಲರನ್ನು ಯಾರು ಇಡ್ತಾರೆ? ಚಿತ್ರೋತ್ಸವಗಳಿಗೆ ವಾರ್ತಾ ಸಚಿವಾಲಯದ ವಿನಾಯಿತಿ ಇದೆ, ಇಂಟರ್ನೆಟ್ಟಿಗೆ ಪ್ರಮಾಣಪತ್ರದ ಅಗತ್ಯವೇ ಇಲ್ಲ. ಹಾಗಾಗಿ ನಮ್ಮಂಥವರ ಚಿತ್ರಗಳು ಹೆಚ್ಚಾಗಿ ಉತ್ಸವ, ಆಮೇಲೆ ಇಂಟರ್ನೆಟ್ ಅನ್ನುವ ದಾರಿ ಹಿಡಿಯುತ್ತವೆ. ಬೆಂಗಳೂರಿನಲ್ಲಿ ಕ್ವಿಯರ್ ಚಿತ್ರೋತ್ಸವ ಇದೆ, ಚೆನ್ನೈನಲ್ಲೂ ಇದೆ. ಅಲ್ಲಿ ದುಡ್ಡು ಸಿಗೋದು ಕಮ್ಮಿ, ಪರಿಚಯ ಸಿಗುತ್ತೆ. ಹೊಟ್ಟೆಪಾಡಿಗೆ ನಾನು ಮದುವೆ ವೀಡಿಯೋ ಮಾಡ್ತೀನಿ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಜಾಹೀರಾತು ಮಾಡ್ತೀನಿ. ಅಮ್ಮನಿಗೆ ಹೆಮ್ಮೆ ಇರೋದು ಮದುವೆ ವೀಡಿಯೋ ಬಗ್ಗೆ.

ಆದರೆ ಈ ದಾರಿಯಲ್ಲೇ ನಾನು ಎಡವಿದ್ದು. ಪವರ್‌ಲೂಮ್ ಶೆಡ್ಡಿನಲ್ಲಿ ದುಡಿಯುವ ಇಬ್ಬರು ಗಂಡಸರ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದ್ದೆ. ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಒಂದು ಚಿತ್ರೋತ್ಸವಕ್ಕೆ ಅದು ಆಯ್ಕೆಯೂ ಆಯ್ತು. ಪ್ರದರ್ಶನಕ್ಕೆ ಹದಿನೈದು ದಿನ ಇದ್ದಾಗ ಅವರಲ್ಲಿ ಹಿರಿಯರು ಫೋನ್ ಮಾಡಿ, “ತಂಗಿಗೆ ಗಂಡು ನೋಡ್ತಾವ್ರೆ ಕಣಪ್ಪ. ಯಾರಾನ ಫೋನಲ್ಲಿ ನೋಡಿಬುಟ್ರೆ?” ಅಂದರು. ಉತ್ಸವ ದೂರದ ಊರಲ್ಲಿ, ಇಲ್ಲಿಯವರು ಯಾರೂ ಬರಲ್ಲ ಅಂದೆ. “ನಿನ್ ಸಿನಿಮಾ ಯಾರೂ ನೋಡ್‌ಬಾರ್ದು ಅಂತಲಾ ಮಾಡಿದ್ದೀ?” ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನನ್ನ ತಪ್ಪು ಇದರಲ್ಲಿ ಸ್ಪಷ್ಟ. ಸಹಿ ಮಾಡಿಸಿದ ದಿನ ಅದು ಕಾಲೇಜಿನ ಪ್ರಾಜೆಕ್ಟ್. ಉತ್ಸವಕ್ಕೆ ಹೋದಾಗ ಅದೇ ಬೇರೆ ವಸ್ತು, ನನಗೆ ಹೆಸರು ತರುವ ವಸ್ತು. ಸಿನಿಮಾ ಬೆಳೆದ ಹಾಗೆ ಅವರ ಅಪಾಯವೂ ಬೆಳೀತು, ಕಾಗದ ಮಾತ್ರ ಹಳೇದೇ ಉಳೀತು. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಅವರನ್ನು ಜೈಲಿನ ಭಯದಿಂದ ಬಿಡಿಸಿರಬಹುದು, ಆದರೆ ಹೆಣ್ಣು ನೋಡಲು ಬರುವವರ ಭಯದಿಂದ ಬಿಡಿಸಿಲ್ಲ. ನಾನು ಚಿತ್ರ ವಾಪಸ್ ತಗೊಂಡೆ. ಮುಖ ಮಸುಕು ಮಾಡಿ ಕಳಿಸು ಅಂತ ಕೆಲವರು ಹೇಳಿದರು. ಒಂದೇ ಬೀದಿಯವರಿಗೆ ನಡಿಗೆ, ಧ್ವನಿ, ಮಗ್ಗದ ಬಣ್ಣ ಸಾಕು. ಅವರಿದ್ದ ಫುಟೇಜ್ ಎಲ್ಲ ಅವರ ಎದುರೇ ಅಳಿಸಿದೆ.

ಈಗ ನಾನು ಒಪ್ಪಿಗೆಯನ್ನು ಮೂರು ಸಲ ಕೇಳ್ತೀನಿ: ಚಿತ್ರೀಕರಣಕ್ಕೆ ಮೊದಲು, ಎಡಿಟ್ ಆದಮೇಲೆ ಅವರಿಗೆ ತೋರಿಸಿ, ಮತ್ತು ಪ್ರತಿ ಹೊಸ ಪ್ರದರ್ಶನಕ್ಕೂ ಮುಂಚೆ. ಇಂಟರ್ನೆಟ್ಟಿಗೆ ಹಾಕೋದನ್ನು ಬೇರೆಯಾಗಿಯೇ ಕೇಳ್ತೀನಿ, ಯಾಕೆಂದ್ರೆ ಅದನ್ನು ವಾಪಸ್ ತರೋಕಾಗಲ್ಲ. ‘ಬೇಡ’ ಅಂದರೆ ಕಾರಣ ಕೇಳಲ್ಲ. ಇದರಿಂದ ವೃತ್ತಿ ನಿಧಾನ ಆಗುತ್ತೆ, ಹೌದು. ಜೊತೆಗೆ ಕಥಾಚಿತ್ರದ ಕಡೆ ತಿರುಗಿದ್ದೀನಿ. ಕಥೆಯಲ್ಲಿ ನಟರಿಗೆ ಸಂಬಳ ಇರುತ್ತೆ, ಮನೆಗೆ ಹೋಗುವಾಗ ಪಾತ್ರವನ್ನು ಕಳಚಿಟ್ಟು ಹೋಗಬಹುದು.

ಬರೀತಿರುವ ಚಿತ್ರಕಥೆಯಲ್ಲಿ ಅವರ ಬದುಕಿನ ಯಾವ ವಿವರವೂ ಇಲ್ಲ. ಶೆಡ್ಡಿನ ಸದ್ದು ಮಾತ್ರ ಇದೆ. ಮಗ್ಗ ಓಡುವಾಗ ಪಕ್ಕದವರ ಮಾತೂ ಕೇಳಿಸಲ್ಲ, ತುಟಿ ನೋಡಿ ತಿಳ್ಕೋಬೇಕು. ಅಂಥ ಕಡೆ ಇಬ್ಬರು ಏನು ಬೇಕಾದರೂ ಮಾತಾಡಬಹುದು. ಅದು ನಮ್ಮ ಬೀದಿಯ ಎಲ್ಲರ ಅನುಭವ, ಒಬ್ಬರ ಗುಟ್ಟಲ್ಲ.

ಇದು ಪ್ರಬಂಧವಾಗಿ ಬರುವಾಗ ನಿಮ್ಮ ಹೆಸರು ಹಾಕಲೇ ಅಂತ ಸಂಪಾದಕರು ಕೇಳಿದ್ದಾರೆ. ನಮ್ಮ ಬೀದಿಯಲ್ಲಿ ಕನ್ನಡ ಮಾತಾಡುವವರು ತುಂಬ ಜನ, ಕನ್ನಡ ಅಕ್ಷರ ಓದುವವರು ಹೆಚ್ಚಿಲ್ಲ. ನಾನೇ ಮೈಸೂರಿಗೆ ಹೋದಮೇಲೆ ಕಲಿತದ್ದು. ಸದ್ಯಕ್ಕೆ ಈ ಲಿಪಿಯೇ ನನಗೊಂದು ಪರದೆ. ಈ ಸಲ ಹಾಕಿ ಅಂದಿದ್ದೀನಿ. ಮುಂದಿನ ಸಲ ಮತ್ತೆ ಕೇಳಿ.

ಪ್ರಶ್ನೆಗಳಿದ್ದರೆ ಈಗ ತಗೊಳ್ತೀನಿ.