ಗದ್ದೆಯ ಕೆಸರಿನಲ್ಲಿ ಸಾರಜನಕ

ನೀರು ಕಟ್ಟಿದ ಗದ್ದೆಯ ಮಣ್ಣು ಕೆಲವೇ ದಿನಗಳಲ್ಲಿ ಎರಡು ಪದರವಾಗುತ್ತದೆ. ನೀರಿಗೆ ತಾಗಿದ ಮೇಲ್ಪದರದ ದಪ್ಪ ಕೆಲವು ಮಿಲಿಮೀಟರು ಮಾತ್ರ. ನೀರಿನಲ್ಲಿ ಕರಗಿದ ಆಮ್ಲಜನಕ ಅಷ್ಟರವರೆಗೆ ಇಳಿಯುತ್ತದೆ. ಅದರ ಕೆಳಗೆ ಇದ್ದಬದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಉಸಿರಾಡಿ ಮುಗಿಸಿರುತ್ತವೆ. ನಾಟಿಯಾಗಿ ಎರಡು ಮೂರು ವಾರವಾದ ಗದ್ದೆಯಿಂದ ಒಂದು ತೆಂಡೆಯನ್ನು ಕೆಸರಿನ ಸಮೇತ ಕದಡದಂತೆ ಎತ್ತಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಮೇಲೆ ಕಂದುಗೆಂಪಿನ ತೆಳು ಪೊರೆ, ಕೆಳಗೆ ಬೂದು ಬಣ್ಣದ ಮಣ್ಣು, ಬೇರಿನ ಸುತ್ತ ಮತ್ತೆ ತುಕ್ಕಿನ ಬಣ್ಣ. ಭತ್ತದ ಗಿಡ ತನ್ನ ಕಾಂಡದೊಳಗಿನ ಗಾಳಿಕೊಳವೆಗಳಿಂದ ಬೇರಿಗೆ ಆಮ್ಲಜನಕ ಇಳಿಸುವುದರಿಂದ ಅಲ್ಲಿಯೂ ಕೆಂಪು ಮೂಡುತ್ತದೆ. ಬಣ್ಣ ಕಬ್ಬಿಣದ್ದಾದರೂ ಆಮ್ಲಜನಕ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಅದು ಗುರುತು ಹಾಕಿ ತೋರಿಸುತ್ತದೆ. ಸಾರಜನಕ ಪೈರಿಗೆ ಸೇರುವುದೋ ಗಾಳಿಗೆ ಹೋಗುವುದೋ ಎಂಬುದು ಈ ಎರಡು ಪದರಗಳ ನಡುವೆಯೇ ತೀರ್ಮಾನವಾಗುತ್ತದೆ.

ಹಾಸನ ಜಿಲ್ಲೆಯಲ್ಲಿ ನಾಲೆ ಬಯಲಿನ ಭತ್ತ ಹೊಸದಲ್ಲ. ಅರಕಲಗೂಡು ತಾಲ್ಲೂಕಿನ ಕಟ್ಟೇಪುರದಲ್ಲಿ ಕಾವೇರಿಗೂ ಹೊಳೆನರಸೀಪುರದ ಕಡೆ ಶ್ರೀರಾಮದೇವರ ಕಟ್ಟೆಯಲ್ಲಿ ಹೇಮಾವತಿಗೂ ಹಿಂದಿನಿಂದಲೇ ಅಡ್ಡಕಟ್ಟೆಗಳಿದ್ದವು. ಕಟ್ಟಾಯದ ಕಡೆಯ ಗೊರೂರಿನಲ್ಲಿ 1979ರಲ್ಲಿ ಹೇಮಾವತಿ ಜಲಾಶಯ ಮುಗಿದ ಮೇಲೆ ನಾಲೆ ನೀರು ಚನ್ನರಾಯಪಟ್ಟಣದ ಕಡೆಗೂ ಹರಿಯಿತು. ಈ ಸೀಮೆಯ ಮಣ್ಣು ಹೆಚ್ಚಾಗಿ ಕೆಂಪು, ಮರಳು ಬೆರೆತದ್ದು. ಕಪ್ಪು ಎರೆಮಣ್ಣಿನಂತೆ ಇದು ನೀರು ಹಿಡಿಯುವುದಿಲ್ಲ. ನಾಲೆಯಲ್ಲಿ ನೀರು ಬಂದಾಗ ನೆನೆದು, ನಿಂತಾಗ ಒಣಗಿ, ಮತ್ತೆ ನೆನೆಯುವ ಇಂಥ ಗದ್ದೆಗಳಲ್ಲಿ ಸಾರಜನಕ ನಷ್ಟವಾಗುವ ದಾರಿಗಳು ಹೆಚ್ಚು.

ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಭತ್ತಕ್ಕೆ ಅದು ನೇರವಾಗಿ ದಕ್ಕದು. ರೈತರು ಹಾಕುವ ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಎಂದರೆ 45 ಕಿಲೋ ಚೀಲದಲ್ಲಿ ಸುಮಾರು 21 ಕಿಲೋ. ಯೂರಿಯಾ ಕೆಲವು ದಿನಗಳಲ್ಲಿ ಒಡೆದು ಅಮೋನಿಯಂ ಆಗುತ್ತದೆ. ಅಮೋನಿಯಂ ಜೇಡಿಕಣಗಳಿಗೆ ಅಂಟಿಕೊಂಡು ನಿಲ್ಲುತ್ತದೆ, ಭತ್ತವೂ ಅದನ್ನು ಚೆನ್ನಾಗಿ ಹೀರುತ್ತದೆ. ಮೇಲ್ಪದರದಲ್ಲಿ ಉಳಿದ ಅಮೋನಿಯಂ ಮಾತ್ರ ಬೇರೆ ದಾರಿ ಹಿಡಿಯುತ್ತದೆ. ಆಮ್ಲಜನಕ ಇರುವಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಜೇಡಿಗೆ ಅಂಟದು. ಅದು ನೀರಿನ ಜೊತೆ ಕೆಳಕ್ಕಿಳಿಯುತ್ತದೆ. ಆಮ್ಲಜನಕವಿಲ್ಲದ ಬೂದು ಪದರದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಉಸಿರಾಟಕ್ಕೆ ಆ ನೈಟ್ರೇಟಿನ ಆಮ್ಲಜನಕವನ್ನೇ ಕಿತ್ತುಕೊಳ್ಳುತ್ತವೆ. ಉಳಿದ ಸಾರಜನಕ ಅನಿಲವಾಗಿ ಗಾಳಿಗೆ ಸೇರುತ್ತದೆ. ಈ ಜೋಡಿ ಕ್ರಿಯೆಯನ್ನು ಜಪಾನಿನ ಮಣ್ಣುವಿಜ್ಞಾನಿ ಶಿಯೋಯಿರಿ ಮತ್ತು ಸಂಗಡಿಗರು 1930–40ರ ದಶಕಗಳಲ್ಲೇ ಬಿಡಿಸಿ ತೋರಿಸಿ, ಗೊಬ್ಬರವನ್ನು ಕೆಸರಿನ ಆಳಕ್ಕೆ ಸೇರಿಸಬೇಕೆಂದರು. ಗದ್ದೆಯ ಗೊಬ್ಬರದ ಬಗ್ಗೆ ಇದಕ್ಕಿಂತ ಉಪಯುಕ್ತವಾದ ಮಾತು ಆಮೇಲೂ ಹೆಚ್ಚು ಬಂದಿಲ್ಲ.

ನಷ್ಟದ ಇನ್ನೊಂದು ದಾರಿ ನೀರಿನ ಮೇಲೆಯೇ ಇದೆ. ಹಗಲಿನಲ್ಲಿ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡಂತೆ ನೀರಿನ ಕ್ಷಾರತೆ ಏರುತ್ತದೆ. ಬಿಸಿಲೇರಿದ ಹೊತ್ತಿಗೆ ರಸಸಾರ 9 ದಾಟುವುದುಂಟು. ಆಗ ನೀರಿನಲ್ಲಿರುವ ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ತುಂಬಿ ನಿಂತ ನೀರಿನ ಮೇಲೆ ಯೂರಿಯಾ ಎರಚಿದರೆ ಅರ್ಧಕ್ಕಿಂತ ಹೆಚ್ಚು ಪಾಲು ಪೈರಿಗೆ ಸಿಗದೆ ಹೋಗುವುದು ಹೆಚ್ಚಾಗಿ ಈ ಎರಡು ದಾರಿಗಳಿಂದ. ನೀರು ಬಸಿದು, ಮೇಲುಗೊಬ್ಬರ ಹಾಕಿ, ಮಣ್ಣಿಗೆ ಹಿಡಿಸಿ, ಆಮೇಲೆ ನೀರು ಬಿಡುವ ಪದ್ಧತಿಯ ತಿರುಳು ಇಷ್ಟೇ. ದೇಶದಲ್ಲಿ 2015ರಿಂದ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಯಿತು. ಅಮೋನಿಯಂ ನೈಟ್ರೇಟಾಗುವುದನ್ನು ಆ ಲೇಪ ನಿಧಾನ ಮಾಡುತ್ತದೆ.

ಸಮುದ್ರತೀರದ ಮರಳಿನಲ್ಲೂ ಇದೇ ಆಟ ನಡೆಯುತ್ತದೆ, ಫಲ ಮಾತ್ರ ಬೇರೆ. ಕುಮಟಾ ಕಡೆಯ ಅಘನಾಶಿನಿ ಅಳಿವೆಯಂಥಲ್ಲಿ ಭರತ ಏರಿ ಇಳಿಯುವಾಗ ಮರಳಿನ ಸಂದುಗಳಲ್ಲಿ ದಿನಕ್ಕೆ ಎರಡು ಸಲ ನೀರು ನುಗ್ಗಿ ಹೊರಬರುತ್ತದೆ. ಅದರ ಜೊತೆ ಆಮ್ಲಜನಕವೂ ನೈಟ್ರೇಟೂ ಒಳಹೋಗುವುದರಿಂದ ಎರಡೂ ಬಗೆಯ ಬ್ಯಾಕ್ಟೀರಿಯಾಗಳಿಗೆ ಕೆಲಸ ಸಿಗುತ್ತದೆ. ಹೊಲಗದ್ದೆಗಳಿಂದ ಹೊಳೆ ಹೊತ್ತು ತಂದ ಹೆಚ್ಚುವರಿ ಸಾರಜನಕದ ಒಂದು ಪಾಲು ಅಲ್ಲಿ ಅನಿಲವಾಗಿ ಕಳೆದು, ಕಡಲ ನೀರಿನಲ್ಲಿ ಪಾಚಿ ಮಿತಿಮೀರುವುದು ತಪ್ಪುತ್ತದೆ. ರೈತನಿಗೆ ನಷ್ಟವಾದದ್ದು ಅಳಿವೆಗೆ ಲಾಭ. ಆದರೆ ಈ ಕ್ರಿಯೆ ಅರ್ಧಕ್ಕೆ ನಿಂತರೆ ನೈಟ್ರಸ್ ಆಕ್ಸೈಡ್ ಹೊರಬೀಳುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಪ್ರಬಲ.

ಗದ್ದೆ ಬರೀ ಕಳೆದುಕೊಳ್ಳುವುದಿಲ್ಲ, ಗಳಿಸುತ್ತದೆ ಕೂಡ. ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಗದ್ದೆಗೆ ಕೊಡುತ್ತದೆಂದು ಭಾರತದ ವಿಜ್ಞಾನಿ ಪಿ.ಕೆ. ಡೇ 1939ರಲ್ಲಿ ತೋರಿಸಿದರು. ನೀರಿನ ಮೇಲೆ ತೇಲುವ ಅಜೋಲಾ ಗಿಡದ ಎಲೆಯ ಗೂಡುಗಳಲ್ಲಿರುವುದೂ ಅಂಥದ್ದೇ ಜೀವಿ. ಜೊತೆಗೆ ಅಜೋಲಾ ನೀರಿಗೆ ನೆರಳು ಮಾಡಿ ಕ್ಷಾರತೆ ಏರದಂತೆ ತಡೆಯುತ್ತದೆ. ನಾಟಿಗೆ ಮುಂಚೆ ಕೆಸರಿಗೆ ತುಳಿಯುವ ಹೊಂಗೆ ಸೊಪ್ಪು, ಉತ್ತು ಮಗುಚುವ ಸೆಣಬು, ಡಯಂಚ ಕೊಳೆಯುತ್ತಾ ನಿಧಾನವಾಗಿ ಅಮೋನಿಯಂ ಬಿಡುತ್ತವೆ. ಈ ಭಾಗದ ರಾಜಮುಡಿಯಂಥ ಎತ್ತರದ ತಳಿಗಳಿಗೆ ಈ ನಿಧಾನವೇ ಒಗ್ಗುತ್ತದೆ. ಒಮ್ಮೆಲೇ ಯೂರಿಯಾ ಹೆಚ್ಚಾದರೆ ಅವು ಬೆಳೆದು ಮಲಗಿಬಿಡುತ್ತವೆ.

ಕೊಯ್ಲಾದ ಮೇಲೆ ನೀರು ಬತ್ತಿದಾಗ ಮಣ್ಣಿನೊಳಕ್ಕೆ ಗಾಳಿ ಹೊಕ್ಕು, ಉಳಿದ ಅಮೋನಿಯಂ ಎಲ್ಲ ನೈಟ್ರೇಟಾಗತೊಡಗುತ್ತದೆ. ಪಾಳು ಬಿಟ್ಟ ಗದ್ದೆಯಲ್ಲಿ ಅದು ಬೇಸಗೆಯುದ್ದಕ್ಕೂ ಕೂಡಿಕೊಳ್ಳುತ್ತಾ ಹೋಗಿ, ಮುಂದಿನ ಮಳೆಗೋ ನಾಲೆಯ ಮೊದಲ ನೀರಿಗೋ ಒಂದಿಷ್ಟು ಬಸಿದು, ಒಂದಿಷ್ಟು ಅನಿಲವಾಗಿ ಕಳೆದುಹೋಗುತ್ತದೆ. ಕೊಯ್ದ ಗದ್ದೆಯ ಹಸಿಯಲ್ಲೇ ಹುರುಳಿ, ಅಲಸಂದೆ ಚೆಲ್ಲಿದರೆ ಅವು ಆ ನೈಟ್ರೇಟನ್ನು ಹೀರಿ, ಬೇರಿನ ಗಂಟುಗಳಲ್ಲಿ ತಮ್ಮದೂ ಒಂದಿಷ್ಟು ಸೇರಿಸಿ, ಮುಂದಿನ ಉಳುಮೆಗೆ ಮಣ್ಣಿನಲ್ಲಿ ಉಳಿಸುತ್ತವೆ.