ದೂರದ ಓಟವೂ ಅಂಗಮರ್ದನದ ಮರ್ಯಾದೆಯೂ

ದೂರ ಓಡುವುದನ್ನೇ ಕಸುಬಾಗಿ ಉಳ್ಳವರು ನಮ್ಮ ನಾಡಿನಲ್ಲಿ ಹಿಂದೆಯೂ ಇದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಹುಟ್ಟಿ, ೧೮೮೯ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿಹೋಗುವವರೆಗೆ ನಡೆದುಬಂದ ಮೈಸೂರಿನ ಅಂಚೆಯ ಓಲೆಗಳನ್ನು ಹೊತ್ತವರು ಅಂತಹ ಓಟಗಾರರೇ. ಅವರು ಓಡಿದುದು ಹೊಟ್ಟೆಯ ಪಾಡಿಗಾಗಿ. ಈಗಿನವರು ತಾವೇ ಶುಲ್ಕವನ್ನು ತೆತ್ತು ಓಡುತ್ತಾರೆ. ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ವರ್ಷಕ್ಕೊಮ್ಮೆಯಾದರೂ ನಸುಕಿನಲ್ಲಿ ಸಾವಿರಾರು ಮಂದಿ ಬೀದಿಗಿಳಿದು ಓಡುವುದನ್ನು ವಾಚಕರು ಕಂಡಿರಬಹುದು. ಮ್ಯಾರಥಾನ್ ಎಂಬ ಓಟದ ಅಳತೆ ೪೨ ಕಿಲೋಮೀಟರುಗಳ ಮೇಲೆ ೧೯೫ ಮೀಟರು. ಚಿಕ್ಕಮಗಳೂರಿನ ಕಾಫಿತೋಟಗಳ ನಡುವೆ ಅದನ್ನೂ ಮೀರಿದ ಓಟಗಳು ನಡೆಯುತ್ತವೆ. ಇದು ಹಾಸ್ಯಕ್ಕೆ ವಸ್ತುವೆಂದು ನಾವು ಎಣಿಸುವುದಿಲ್ಲ. ೧೯೨೦ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಕೂಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಮ್ಯಾರಥಾನನ್ನು ಓಡಿ ಹತ್ತೊಂಬತ್ತನೆಯವರಾಗಿ ಮುಗಿಸಿದರು. ಆ ಸ್ಥೈರ್ಯಕ್ಕೆ ತಲೆಬಾಗಬೇಕು.

ಆದರೆ ಇಂದು ನಾವು ಬರೆಯಹೊರಟಿರುವುದು ಓಟದ ವಿಷಯವಲ್ಲ, ಓಟ ಮುಗಿದ ಮೇಲಿನ ಅರ್ಧ ಗಂಟೆಯ ವಿಷಯ. ಬಯಲಿನ ಒಂದು ಮೂಲೆಯಲ್ಲಿ ಶಾಮಿಯಾನ ಹಾಕಿ, ಹತ್ತಿಪ್ಪತ್ತು ಕಿರುಮಂಚಗಳನ್ನು ಇಟ್ಟಿರುತ್ತಾರೆ. ಫಿಸಿಯೊಥೆರಪಿ ಕಲಿಯುವ ಹುಡುಗ ಹುಡುಗಿಯರು, ಕೆಲವೆಡೆ ಕೂಲಿಗೆ ಬಂದ ಮಾಲೀಸಿನವರು, ದಣಿದು ಬಂದವರ ಕಾಲುಗಳನ್ನು ನೀವಿ ಕಳುಹಿಸುತ್ತಾರೆ. ಓಟದ ಅಭ್ಯಾಸವನ್ನು ಕುರಿತು ಪುಸ್ತಕಗಳು ಬೇಕಾದಷ್ಟಿವೆ. ಆ ಮಂಚದ ಮೇಲೆ ಮಲಗುವವನು ಹೇಗೆ ನಡೆದುಕೊಳ್ಳಬೇಕೆಂಬುದನ್ನು ಹೇಳುವವರು ಮಾತ್ರ ವಿರಳ.

ವಿದ್ಯೆಯೇನೋ ನಮಗೆ ಹೊಸದಲ್ಲ. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯೆಯ ಅಧ್ಯಾಯದಲ್ಲಿ ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕೆಂದೂ, ಮಾಡಿದ ಮೇಲೆ ಮೈಯನ್ನು ಎಲ್ಲ ಕಡೆಯೂ ಸುಖವೆನಿಸುವಂತೆ ಮರ್ದಿಸಬೇಕೆಂದೂ ವಿಧಿಸಿದ್ದಾನೆ. ನಲವತ್ತೆರಡು ಕಿಲೋಮೀಟರು ಓಡುವವನು ಮೊದಲನೆಯ ವಿಧಿಯನ್ನು ಮುರಿದೇ ಬಂದಿರುತ್ತಾನೆ, ಎರಡನೆಯದನ್ನಾದರೂ ಪಾಲಿಸಲಿ. ಅಲ್ಲಿ ‘ಸುಖ’ವೆಂಬ ಮಾತನ್ನು ಗಮನಿಸಬೇಕು. ನೋಯುವಂತೆ ತಿಕ್ಕಿದರೇ ಗುಣವೆಂಬ ನಂಬಿಕೆ ನಮ್ಮ ಗರಡಿಗಳಲ್ಲಿಯೂ ಇದೆ, ಈ ಶಾಮಿಯಾನಗಳಲ್ಲಿಯೂ ಇದೆ. ಶಾಸ್ತ್ರದಲ್ಲಿ ಮಾತ್ರ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಅಭ್ಯಂಗಸ್ನಾನಕ್ಕೂ ಮಲ್ಲರ ಸಾಧನೆಗೂ ಬೇರೆಬೇರೆ ಪ್ರಕರಣಗಳೇ ಇವೆ.

ಮೈಯೊತ್ತುವ ಕೆಲಸಕ್ಕೆ ಸಂಸ್ಕೃತದಲ್ಲಿ ಸಂವಾಹನವೆಂದು ಹೆಸರು. ಅರವತ್ತುನಾಲ್ಕು ಕಲೆಗಳಲ್ಲಿ ಅದೂ ಸೇರಿದೆ. ಶೂದ್ರಕನ ಮೃಚ್ಛಕಟಿಕದಲ್ಲಿ ಸಂವಾಹಕನೆಂಬ ಒಂದು ಪಾತ್ರವೇ ಇದೆ. ಪಾಟಲಿಪುತ್ರದ ಗೃಹಸ್ಥನ ಮಗನಾದ ಅವನು, ತಾನು ಕಲೆಯೆಂದು ಕಲಿತದ್ದು ಈಗ ಜೀವಿಕೆಯಾಯಿತೆಂದು ವಸಂತಸೇನೆಯ ಮುಂದೆ ನೊಂದು ಹೇಳಿಕೊಳ್ಳುತ್ತಾನೆ. ಮುಂದೆ ಅವನೇ ಭಿಕ್ಷುವಾಗಿ, ಶಕಾರನು ಕತ್ತು ಹಿಸುಕಿ ಸತ್ತಳೆಂದು ಬಿಟ್ಟುಹೋದ ಅವಳನ್ನು ಉಪಚರಿಸಿ ಉಳಿಸುತ್ತಾನೆ. ತರಗತಿಯಲ್ಲಿ ಈ ನಾಟಕವನ್ನು ಪಾಠ ಹೇಳುವಾಗ ನಾವು ಹುಡುಗರಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಮೈಯೊತ್ತುವವನನ್ನು ಕವಿಯು ಏಕೆ ಇಷ್ಟು ದೊಡ್ಡವನನ್ನಾಗಿ ಮಾಡಿದ? ನಮ್ಮ ಊರುಗಳಲ್ಲಿ ಎಣ್ಣೆ ತಿಕ್ಕಲು ಬರುತ್ತಿದ್ದ ಮುದುಕನನ್ನು, ಅವನು ನಮ್ಮ ತಂದೆಗಿಂತ ಹಿರಿಯನಾಗಿದ್ದರೂ, ಮನೆಯ ಚಿಕ್ಕ ಹುಡುಗನು ಕೂಡ ಏಕವಚನದಲ್ಲಿ ಕರೆಯುತ್ತಿದ್ದನು. ಜಗಲಿಯಿಂದ ಮೇಲೆ ಅವನಿಗೆ ಪ್ರವೇಶವಿರಲಿಲ್ಲ. ಕಾಲು ಮುಟ್ಟುವವನು ಕೀಳೆಂಬ ಆ ಹಳೆಯ ಭಾವನೆ ಬೆಂಗಳೂರಿನ ಶಾಮಿಯಾನದೊಳಕ್ಕೂ ಬೂಟು ಹಾಕಿಕೊಂಡು ಬರುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಎರಡು ವರ್ಷಗಳ ಕೆಳಗೆ ನಮ್ಮ ಹಳೆಯ ಶಿಷ್ಯನೊಬ್ಬನು ಇಂತಹ ಓಟಕ್ಕೆ ಸೇರಿದ್ದನು. ಅವನ ಬಟ್ಟೆಯ ಚೀಲವನ್ನು ಕಾಯುವ ಅಧಿಕಾರ ನಮಗೆ ದೊರೆತು, ನಾವು ಶಾಮಿಯಾನದ ಬಳಿಯ ಕುರ್ಚಿಯೊಂದರಲ್ಲಿ ಎರಡು ಗಂಟೆ ಕುಳಿತಿದ್ದೆವು. ಐವತ್ತರ ಹತ್ತಿರದ ಗೃಹಸ್ಥರೊಬ್ಬರು ಬಂದು ಮಂಚವೇರಿದರು. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಎರಡು ಕಾಲುಗಳನ್ನೂ ನೋಡಿ, ಎಡ ಮೀನಖಂಡದ ಮೇಲೆ ಅಂಗೈಯಿಟ್ಟು, “ಸರ್, ಈ ಕಾಲು ಯಾವಾಗಿನಿಂದ ಊದಿದೆ?” ಎಂದು ಕೇಳಿದಳು. ಎರಡು ದಿನವಾಯಿತು, ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಬಂದುದರಿಂದ ಹಿಡಿದುಕೊಂಡಿದೆ, ಬಲವಾಗಿ ತಿಕ್ಕಿದರೆ ಬಿಡುತ್ತದೆ ಎಂದರು. ಹುಡುಗಿ ಕೈ ತೆಗೆದಳು. “ಇದನ್ನು ನಾನು ಒತ್ತುವುದಿಲ್ಲ ಸರ್, ಡಾಕ್ಟರು ನೋಡಬೇಕು” ಎಂದಳು. ಅವರಿಗೆ ಸಿಟ್ಟು ಬಂದಿತು. “ನೀನೇನು ಡಾಕ್ಟರಾ? ಸಾಲಿನಲ್ಲಿ ಅರ್ಧ ಗಂಟೆ ನಿಂತು ಬಂದಿದ್ದೇನೆ. ಹೇಳಿದ ಕೆಲಸ ಮಾಡು” ಎಂದು ಎಲ್ಲರಿಗೂ ಕೇಳುವಂತೆ ಗದರಿದರು. ಹುಡುಗಿಯ ಕಣ್ಣು ತುಂಬಿತು; ಆದರೆ ಅವಳು ಕಾಲನ್ನು ಮುಟ್ಟಲಿಲ್ಲ. ಹೋಗಿ ತನ್ನ ಅಧ್ಯಾಪಕರನ್ನು ಕರೆತಂದಳು. ಅವರು ನೋಡಿ, ಮಾತನಾಡದೆ ಆಂಬುಲೆನ್ಸಿಗೆ ಕೈಬೀಸಿದರು. ಮೀನಖಂಡದ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತೆಂದು ಆಮೇಲೆ ಶಿಷ್ಯನಿಂದ ತಿಳಿಯಿತು. ಅಂತಹ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ತಿಕ್ಕುವುದು ಅದಕ್ಕೆ ದಾರಿ ಮಾಡಿಕೊಟ್ಟೀತು. ಅವರು ಗುಣವಾಗಿ ಮನೆಗೆ ಬಂದರು. ಆ ಹುಡುಗಿಯ ಹೆಸರೇನೆಂದು ಅನಂತರ ಹೇಳಿಕಳುಹಿಸಿ ವಿಚಾರಿಸಿದರಂತೆ.

ಆದುದರಿಂದ ಮಂಚವೇರುವವನ ಮೊದಲನೆಯ ಮರ್ಯಾದೆ ಸತ್ಯ ಹೇಳುವುದು. ಎಲ್ಲಿ ನೋವು, ಎಂದಿನಿಂದ, ಬೊಬ್ಬೆ ಎದ್ದಿದೆಯೇ, ಚರ್ಮ ಕಿತ್ತಿದೆಯೇ, ಹಿಂದೆ ಶಸ್ತ್ರಚಿಕಿತ್ಸೆಯಾಗಿದೆಯೇ, ರಕ್ತ ತೆಳುವಾಗುವ ಮಾತ್ರೆ ಸೇವಿಸುತ್ತಿದ್ದಾನೆಯೇ, ಓಟದ ನಡುವೆ ನೋವಿನ ಗುಳಿಗೆ ನುಂಗಿದ್ದಾನೆಯೇ, ಇವೆಲ್ಲವನ್ನೂ ಕೇಳುವ ಮೊದಲೇ ಹೇಳಿಬಿಡಬೇಕು. ನೋವಿನ ಗುಳಿಗೆ ನುಂಗಿದವನಿಗೆ ಒತ್ತಡ ಎಷ್ಟೆಂದು ತಾನೇ ತಿಳಿಯುವುದಿಲ್ಲ. ಒತ್ತುವವರಿಗೆ ತಿಳಿಯುವುದಾದರೂ ಹೇಗೆ? “ಒತ್ತುವುದಿಲ್ಲ” ಎಂದು ಅವರು ಹೇಳಿದರೆ ಅದು ಅವರ ವಿದ್ಯೆಯ ಮಾತು. ಅಲ್ಲಿ ವಾದ ಹೂಡಲಾಗದು.

ಗೆರೆಯನ್ನು ದಾಟಿದೊಡನೆ ಶಾಮಿಯಾನಕ್ಕೆ ನುಗ್ಗುವುದೂ ತಪ್ಪು. ಓಡುತ್ತಿದ್ದವನು ಥಟ್ಟನೆ ನಿಂತರೆ ರಕ್ತ ಕಾಲುಗಳಲ್ಲಿಯೇ ತಂಗಿ ತಲೆ ತಿರುಗುತ್ತದೆ. ಹತ್ತು ನಿಮಿಷ ಮೆಲ್ಲನೆ ನಡೆದಾಡಿ, ಬಾಯಾರಿದಷ್ಟು ನೀರು ಕುಡಿದು, ಒಂದು ಬಾಳೆಯ ಹಣ್ಣನ್ನೋ ಉಪ್ಪು ಬೆರೆತ ಬೇರೇನನ್ನೋ ತಿಂದು, ಒದ್ದೆ ಅಂಗಿಯನ್ನು ಬದಲಿಸಿ ಹೋಗತಕ್ಕದ್ದು. ಬಾಯಾರಿದಷ್ಟು ಎಂದು ಬೇಕೆಂದೇ ಬರೆದಿದ್ದೇವೆ. ಕೊಡಗಟ್ಟಲೆ ನೀರು ಕುಡಿದು ರಕ್ತದ ಉಪ್ಪಿನಂಶ ಇಳಿದು ಮಂಕು ಕವಿದವರೂ ಇದ್ದಾರೆ. ವಾಂತಿ, ತಲೆನೋವು, ತೊದಲು ಮಾತು ಕಂಡರೆ ಅದು ಮಾಲೀಸಿನ ಕಾಯಿಲೆಯಲ್ಲ, ವೈದ್ಯರದು.

ಇನ್ನು ಪಾದಗಳು. ಐದು ಗಂಟೆ ಬೂಟಿನೊಳಗೆ ಬೆಂದ ಪಾದವನ್ನು ಹಾಗೆಯೇ ಮತ್ತೊಬ್ಬರ ಮಡಿಲಿನೆದುರು ಚಾಚುವುದು ಯಾವ ಸಂಸ್ಕಾರ? ಒಂದು ಚೊಂಬು ನೀರು, ಒಂದು ಅಂಗವಸ್ತ್ರ ಸಾಕು. ತೊಳೆದು, ಒರಸಿ, ಮಣ್ಣು ಹೋಗಿದೆಯೆಂದು ನೋಡಿಕೊಂಡು ಸಾಲಿಗೆ ನಿಲ್ಲಬೇಕು. ನಮ್ಮ ಮನೆಗಳಲ್ಲಿ ಒಳಕ್ಕೆ ಬರುವವರಿಗೆ ಕಾಲಿಗೆ ನೀರು ಕೊಡುವ ಪದ್ಧತಿ ಇರಲಿಲ್ಲವೆ?

ಸಾಲಿನ ವಿಷಯದಲ್ಲಿ ಒಂದು ಮಾತು. ಮೂರು ಗಂಟೆಯಲ್ಲಿ ಮುಗಿಸಿದವರು ಮೊದಲು ಬರುತ್ತಾರೆ, ಮಂಚಗಳೆಲ್ಲ ಖಾಲಿ ಇರುತ್ತವೆ. ಇನ್ನೂ ಹತ್ತು ನಿಮಿಷ, ಇನ್ನೊಂದು ಕಾಲು, ಸ್ವಲ್ಪ ಬೆನ್ನು ಎಂದು ಬೆಳೆಸುತ್ತಾರೆ. ಆರು ಗಂಟೆಯ ಹೊತ್ತಿಗೆ ಬಿಸಿಲಿನಲ್ಲಿ ಬೆಂದು ಬರುವವರು ಬಂದಾಗ ಒತ್ತುವವರ ಬೆರಳುಗಳೇ ಸೋತಿರುತ್ತವೆ. ನಮ್ಮ ಎಣಿಕೆಯಲ್ಲಿ ಕಡೆಯವರಿಗೇ ಆ ಸೇವೆಯ ಅಗತ್ಯ ಹೆಚ್ಚು. ಗೊತ್ತುಮಾಡಿದ ಹತ್ತು ನಿಮಿಷವಾದೊಡನೆ ಏಳುವುದು ಮೊದಲು ಬಂದವನ ಕರ್ತವ್ಯ. ತಮ್ಮನನ್ನು ಸಾಲಿನಲ್ಲಿ ನಿಲ್ಲಿಸಿ ತಾನು ಪದಕದೊಡನೆ ಚಿತ್ರ ತೆಗೆಸಿಕೊಳ್ಳುವ ಜಾಣರಿಗೆ ಏನು ಹೇಳುವುದು!

ಮಂಚದ ಮೇಲೆ ಮಲಗಿ ದೂರವಾಣಿಯಲ್ಲಿ ಮಾತನಾಡುತ್ತಿರುವುದು ಅವಿನಯ. ಒತ್ತಡ ಹೆಚ್ಚಾದರೆ ಹಲ್ಲು ಕಚ್ಚಿ ಸಹಿಸದೆ “ಸ್ವಲ್ಪ ಮೆಲ್ಲಗೆ” ಎನ್ನಬೇಕು. ಸುಮ್ಮನೆ ಕಣ್ಣು ಮುಚ್ಚಿರುವುದೂ ಉಚಿತವೇ. ಪ್ರತಿ ಕಿಲೋಮೀಟರಿನ ವೃತ್ತಾಂತವನ್ನು ಕೇಳುವ ಹೊಣೆ ಒತ್ತುವವರದಲ್ಲ. ಅವರು ಅಂದಿಗೆ ನಲವತ್ತು ವೃತ್ತಾಂತಗಳನ್ನು ಕೇಳಿರುತ್ತಾರೆ. ಅವರು ಎಷ್ಟೇ ಚಿಕ್ಕವರಾಗಿರಲಿ, ‘ನೀವು’ ಎಂದೇ ಮಾತನಾಡಿಸಬೇಕು. ಅವರಲ್ಲಿ ಹಲವರು ಕೇರಳದಿಂದಲೋ ಈಶಾನ್ಯದ ನಾಡುಗಳಿಂದಲೋ ಓದಲು ಬಂದವರು. ಕನ್ನಡ ತೊಡಕಾದರೆ ಗದರಬಾರದು.

ಸ್ತ್ರೀಪುರುಷರ ವಿಷಯದಲ್ಲಿ ನಿಯಮ ಸರಳ. ಓಡಿದ ಉಡುಪಿನಲ್ಲಿಯೇ ಮಲಗುವುದು, ಕಾಲು ಬೆನ್ನುಗಳಷ್ಟನ್ನೇ ಒಪ್ಪಿಸುವುದು. ಹೆಂಗಸರು ಹೆಂಗಸರೇ ಒತ್ತಲೆಂದು ಕೇಳಬಹುದು, ಕೇಳಲು ಸಂಕೋಚ ಬೇಡ. ಒತ್ತುವವಳು ತಾನು ಒಲ್ಲೆನೆಂದರೆ ಅದನ್ನೂ ಅವಮಾನವೆಂದು ತಿಳಿಯಬಾರದು. ಎರಡರ್ಥದ ಹಾಸ್ಯ ಮಾಡುವವನನ್ನು ಮಂಚದಿಂದ ಎಬ್ಬಿಸಿ ಕಳುಹಿಸುವ ಅಧಿಕಾರವನ್ನು ಮೇಲ್ವಿಚಾರಕರು ಬಳಸತಕ್ಕದ್ದು. ವಿದ್ಯಾರ್ಥಿಗಳ ಕೈಗೆ ನೋಟು ತುರುಕುವುದು ಬೇಡ. ಹೆಸರು ಕೇಳಿ ಒಂದು ಕೃತಜ್ಞತೆಯ ಮಾತು ಸಾಕು. ಕೂಲಿಗೆ ಬಂದವರಾದರೆ ದರವನ್ನು ಮೊದಲೇ ಕೇಳಿ, ಚೌಕಾಸಿಯಿಲ್ಲದೆ ಕೊಡಬೇಕು. ಏಳುವಾಗ ಮೊದಲು ಕುಳಿತು, ತಲೆ ತಿರುಗುವುದಿಲ್ಲವೆಂದು ಕಂಡ ಮೇಲೆ ನಿಲ್ಲಬೇಕು. ಮಂಚದ ಮೇಲಿನ ಬೆವರನ್ನು ತಾನೇ ಒರಸಬೇಕು.

ಅಂಗಮರ್ದನದಿಂದ ಆಗುವುದೆಷ್ಟು? ಓಟದಲ್ಲಿ ಹುಟ್ಟಿದ ಲ್ಯಾಕ್ಟಿಕ್ ಆಮ್ಲವನ್ನು ಹಿಂಡಿ ತೆಗೆಯುತ್ತದೆಂಬ ಮಾತು ಬಹಳ ಪ್ರಚಾರದಲ್ಲಿದೆ, ಅದು ನಿಜವಲ್ಲ. ಆ ಆಮ್ಲವನ್ನು ದೇಹವು ಒಂದೆರಡು ಗಂಟೆಗಳಲ್ಲಿ ತಾನೇ ತೀರಿಸಿಕೊಳ್ಳುತ್ತದೆ. ಎರಡನೆಯ ಮೂರನೆಯ ದಿನ ಮೆಟ್ಟಿಲಿಳಿಯುವಾಗ “ಅಯ್ಯೋ” ಎನ್ನಿಸುವ ನೋವಿಗೆ ಕಾರಣ ಮಾಂಸಖಂಡದ ಎಳೆಗಳಲ್ಲಿ ಆದ ಸಣ್ಣ ಸಣ್ಣ ಗಾಯಗಳು. ಹಗುರವಾದ ಮರ್ದನದಿಂದ ಆ ನೋವು ಕೊಂಚ ಇಳಿಯುತ್ತದೆ, ಮನಸ್ಸಿಗೆ ಹಿತವಾಗುತ್ತದೆ. ಗಾಯ ಮಾಯುವುದು ಕಾಲದಿಂದ. ಗಾಯಗೊಂಡ ಮಾಂಸವನ್ನು ಅಂದೇ ಮೊಣಕೈಯಿಂದ ಅರೆಯಿಸಿಕೊಳ್ಳುವುದು ಅವಿವೇಕ. ಮೂತ್ರವು ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸವೆದ ಮಾಂಸದ ಅಂಶವು ಮೂತ್ರಪಿಂಡವನ್ನು ಕೆಡಿಸುವ ಸೂಚನೆ ಅದು.

ಮನೆಯ ಮಾತನ್ನೂ ಆಡಿಬಿಡೋಣ. ಭಾನುವಾರ ನಸುಕಿನ ನಾಲ್ಕು ಗಂಟೆಗೆ ಎದ್ದು, ಮನೆಯ ಕೆಲಸವನ್ನೆಲ್ಲ ಮನೆಯಾಕೆಗೆ ಬಿಟ್ಟು ಓಡಿಹೋದ ಯಜಮಾನರು, ಹನ್ನೊಂದಕ್ಕೆ ಬಂದು ಸೋಫಾದ ಮೇಲೆ ಕಾಲು ಚಾಚಿ “ಸ್ವಲ್ಪ ಒತ್ತುತ್ತೀಯಾ?” ಎನ್ನುವುದುಂಟು. ಆಕೆಯೂ ಬೆಳಗಿನಿಂದ ನಿಂತೇ ಇದ್ದಾಳೆ. ಶಾಮಿಯಾನದ ನಿಯಮಗಳೆಲ್ಲ ಅಲ್ಲಿಯೂ ಸಲ್ಲುತ್ತವೆ: ಕಾಲು ತೊಳೆಯುವುದು, ಸರದಿ ಕಾಯುವುದು, ಹತ್ತು ನಿಮಿಷಕ್ಕೆ ಏಳುವುದು. ಮಗನೋ ಮಗಳೋ ಓಡಿ ಬಂದರೆ ತಾಯಂದಿರು ಹಂಡೆಯ ಕುದಿಯುವ ನೀರಿಗೆ ಅವಸರಪಡಬಾರದು. ದಣಿದ ಮೈಗೆ ಬಿಸಿನೀರು ಸುರಿದರೆ ಬವಳಿ ಬಂದು ಬೀಳುವರು. ಉಗುರುಬೆಚ್ಚಗಿನ ಸ್ನಾನ, ಊಟ, ನಿದ್ರೆ ಮೊದಲು. ಎಣ್ಣೆ ಮರುದಿನಕ್ಕಿರಲಿ. ಅಜೀರ್ಣವಿದ್ದವರಿಗೆ ಅಭ್ಯಂಗ ಸಲ್ಲದೆಂದು ವಾಗ್ಭಟನೂ ಹೇಳುತ್ತಾನೆ. ದೂರ ಓಡಿದವರ ಹೊಟ್ಟೆ ಅಂದು ಸಾಮಾನ್ಯವಾಗಿ ಸರಿಯಿರುವುದಿಲ್ಲ. ಮರುದಿನ ಎಳ್ಳೆಣ್ಣೆಯನ್ನು ಬೆಚ್ಚಗೆ ಮಾಡಿ, ಪಾದದಿಂದ ಮೇಲ್ಮುಖವಾಗಿ, ಬೊಬ್ಬೆಗಳನ್ನು ಬಿಟ್ಟು, ಅಂಗೈಯಿಂದ ಮೆಲ್ಲನೆ ನೀವಬೇಕು. ಹಾಸಿಗೆಗೆ ಜಿಡ್ಡಾಗದಂತೆ ಹಳೆಯ ಪಂಚೆಯೊಂದನ್ನು ಹಾಸಿಕೊಳ್ಳುವುದು, ಆಮೇಲೆ ಅದನ್ನು ಒಗೆಯುವುದು, ಇವೆರಡೂ ಓಡಿದವರ ಪಾಲಿನ ಕೆಲಸ.