ಪಾತ್ರೆ ತೊಳೆಯುವ ಯಂತ್ರ ಸೋರಿದಾಗ

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಅನೇಕ ಮನೆಗಳಲ್ಲಿ ಈಗ ಪಾತ್ರೆ ತೊಳೆಯುವ ಯಂತ್ರ, ಅಂದರೆ ಡಿಷ್‌ವಾಷರ್, ಅಡುಗೆಮನೆಯ ಒಂದು ಮೂಲೆಯನ್ನು ಹಿಡಿದು ಕುಳಿತಿದೆ. 2020ರ ಮಾರ್ಚ್ ತಿಂಗಳಲ್ಲಿ ದೇಶಾದ್ಯಂತ ಲಾಕ್‌ಡೌನ್ ಜಾರಿಯಾಗಿ, ಮನೆಗೆಲಸದವರು ಬರಲಾಗದೆ ಹೋದಾಗ ಈ ಯಂತ್ರಕ್ಕೆ ಬೇಡಿಕೆ ಒಮ್ಮೆಲೇ ಏರಿತು. ಅಂದು ಕೊಂಡು ತಂದ ಯಂತ್ರಗಳಿಗೆ ಈಗ ರಬ್ಬರು ಗಟ್ಟಿಯಾಗುವ, ಕ್ಲಿಪ್ಪು ಸಡಿಲಗೊಳ್ಳುವ ವಯಸ್ಸು ಬಂದಿದೆ. ಆದ್ದರಿಂದಲೇ ‘ಯಂತ್ರ ಸೋರುತ್ತಿದೆ, ಏನು ಮಾಡುವುದು?’ ಎಂಬ ಪ್ರಶ್ನೆ ನಮ್ಮ ಗೃಹಿಣಿಯರಿಂದ ಮೇಲಿಂದ ಮೇಲೆ ಕೇಳಿಬರುತ್ತಿದೆ.

ಈ ಯಂತ್ರವನ್ನು ಹೊಸ ಕಾಲದ ಬೆಡಗೆಂದು ಬಗೆಯುವವರು ಒಂದು ಸಂಗತಿಯನ್ನು ತಿಳಿಯಬೇಕು. ಇದರ ಮೂಲರೂಪಕ್ಕೆ ಅಮೆರಿಕದ ಜೋಸೆಫೀನ್ ಕಾಕ್ರನ್ ಎಂಬ ಮಹಿಳೆ 1886ರಲ್ಲಿಯೇ ಪೇಟೆಂಟ್ ಪಡೆದಿದ್ದಳು. ಬೆಲೆಬಾಳುವ ಪಿಂಗಾಣಿ ತಟ್ಟೆಗಳು ಕೈಯಲ್ಲಿ ತೊಳೆಯುವಾಗ ಒಡೆಯುತ್ತಿದ್ದುದೇ ಆಕೆಯ ಚಿಂತೆಗೆ ಕಾರಣ. 1893ರಲ್ಲಿ ಷಿಕಾಗೋ ನಗರದಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಆಕೆಯ ಯಂತ್ರ ಜನರ ಕಣ್ಣಿಗೆ ಬಿತ್ತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನವೂ ಅದೇ ಪ್ರದರ್ಶನದ ಅಂಗವಾಗಿತ್ತೆಂಬುದನ್ನು ವಾಚಕರು ನೆನೆಯಬಹುದು.

ಇನ್ನು ಸೋರಿಕೆಯ ವಿಚಾರ. ಒಂದು ಲೋಟದಷ್ಟು ನೀರು ನೆಲಕ್ಕಿಳಿದರೆ ಒರೆಸಿದರಾಯಿತು ಎಂದು ಉಪೇಕ್ಷಿಸುವುದು ಸರಿಯಲ್ಲ. ನುಣುಪು ಟೈಲ್ಸಿನ ಮೇಲೆ ನಿಂತ ನೀರು ಮನೆಯ ಹಿರಿಯರನ್ನು ಬೀಳಿಸಬಲ್ಲದು. ಬಹುಮಹಡಿ ಕಟ್ಟಡಗಳಲ್ಲಿ ಅದೇ ನೀರು ಕೆಳಗಿನ ಮನೆಯ ಛಾವಣಿಯಲ್ಲಿ ಕಲೆಯಾಗಿ ಮೂಡಿ, ನೆರೆಹೊರೆಯ ಬಾಂಧವ್ಯಕ್ಕೇ ಧಕ್ಕೆ ತರುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ ನೀರು ಮತ್ತು ವಿದ್ಯುತ್ತು ಒಂದೇ ಪೆಟ್ಟಿಗೆಯೊಳಗಿವೆ. ನೆಲ ಒದ್ದೆಯಾಗಿದ್ದು, ಪ್ಲಗ್ಗು ಯಂತ್ರದ ಹಿಂಬದಿಯಲ್ಲಿದ್ದರೆ ಅದನ್ನು ಕೀಳಲು ಕೈ ಹಾಕಲೇಬಾರದು. ಮೊದಲು ಮೀಟರ್ ಬೋರ್ಡಿನ ಬಳಿಯ ಎಂ.ಸಿ.ಬಿ.ಯನ್ನು ಇಳಿಸಬೇಕು, ಆಮೇಲೆ ನೀರಿನ ನಲ್ಲಿಯನ್ನು ಮುಚ್ಚಬೇಕು, ನೆಲ ಒಣಗಿದ ನಂತರವೇ ಪ್ಲಗ್ಗು ತೆಗೆಯಬೇಕು.

ಯಂತ್ರವು ಕೆಲಸ ಮಾಡುವ ಬಗೆಯನ್ನು ಅರಿತರೆ ಸೋರಿಕೆಯ ಗುಟ್ಟು ಅರ್ಧ ಬಯಲಾದಂತೆ. ಬಾಗಿಲು ಮುಚ್ಚಿದೊಡನೆ ಯಂತ್ರವು ಹಂಡೆಯಂತೆ ಕಂಠಪೂರ್ತಿ ತುಂಬಿಕೊಳ್ಳುತ್ತದೆಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ತಳದ ಗುಂಡಿಯಲ್ಲಿ ಮೂರು ನಾಲ್ಕು ಲೀಟರು ನೀರು ಮಾತ್ರ ನಿಲ್ಲುತ್ತದೆ. ಅದನ್ನೇ ಬಿಸಿ ಮಾಡಿ, ಪಂಪು ಮೇಲಕ್ಕೆತ್ತಿ, ತಿರುಗುವ ತೋಳುಗಳ ರಂಧ್ರಗಳಿಂದ ಪಾತ್ರೆಗಳ ಮೇಲೆ ಚಿಮ್ಮಿಸುತ್ತದೆ. ಕೊಳೆಯಾದ ನೀರನ್ನು ಹೊರಹಾಕಿ ಹೊಸ ನೀರನ್ನು ತೆಗೆದುಕೊಳ್ಳುತ್ತದೆ. ಬಾಗಿಲಿನ ಸುತ್ತಲ ರಬ್ಬರು ನಮ್ಮ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಒತ್ತಡವನ್ನು ತಡೆಯುವುದಕ್ಕಲ್ಲ, ಸಿಡಿಯುವ ಹನಿಗಳನ್ನು ತಡೆಯುವುದಕ್ಕೆ ಮಾತ್ರ ಇದೆ. ಆದ್ದರಿಂದ ಬಾಗಿಲಿನಿಂದ ನೀರು ಬಂದಿತೆಂದಾಕ್ಷಣ ರಬ್ಬರು ಕೆಟ್ಟಿದೆಯೆಂದು ತೀರ್ಮಾನಿಸುವುದು ಅವಸರ. ಒಳಗೆ ನೊರೆ ಉಕ್ಕಿರಬಹುದು, ಅಥವಾ ನೀರು ಚಿಮ್ಮಬಾರದ ಕಡೆಗೆ ಚಿಮ್ಮುತ್ತಿರಬಹುದು.

ಮೆಕ್ಯಾನಿಕ್ಕಿಗೆ ಕರೆ ಕಳಿಸುವ ಮುನ್ನ ಒಂದು ಸಲ ಯಂತ್ರವನ್ನು ಓಡಿಸಿ, ಪಕ್ಕದಲ್ಲಿ ಕುಳಿತು ನೋಡುವುದು ಒಳಿತೆಂಬುದು ನಮ್ಮ ಅಭಿಪ್ರಾಯ. ನೆಲವನ್ನು ಚೆನ್ನಾಗಿ ಒಣಗಿಸಿ, ಮುಂಭಾಗಕ್ಕೂ ಎರಡು ಪಕ್ಕಗಳಿಗೂ ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಹಾಸಬೇಕು. ಹಿಂಬದಿಗೆ ಕೋಲಿನಿಂದ ಒಂದು ಹಾಳೆಯನ್ನು ತಳ್ಳಬೇಕು. ನೀರು ಪ್ಲಗ್ಗಿನ ಕಡೆಗೆ ಹರಿಯುತ್ತದೆಂದು ಕಂಡರೆ ಈ ಪರೀಕ್ಷೆ ಬೇಡ. ಪರೀಕ್ಷೆಯ ಹೊತ್ತಿನಲ್ಲಿ ಯಂತ್ರವನ್ನು ಮುಟ್ಟದೆ, ಒಣ ನೆಲದ ಮೇಲೆ ಚಪ್ಪಲಿ ಮೆಟ್ಟಿಕೊಂಡಿರುವುದು ಕ್ಷೇಮ. ಯಾವ ಹಾಳೆ ಮೊದಲು ನೆನೆಯಿತು, ಯಾವ ಹೊತ್ತಿನಲ್ಲಿ ನೆನೆಯಿತು, ಬಂದ ನೀರು ಎಂಥದು, ಇವನ್ನು ಗಮನಿಸಬೇಕು. ಪ್ರಾರಂಭದಲ್ಲಿಯೇ ತಿಳಿಯಾದ ತಣ್ಣೀರು ಕಂಡರೆ ದೋಷವು ನಲ್ಲಿಯ ಕಡೆಯ ಪೈಪಿನದು. ನಡುವೆ ಜಿಡ್ಡುಗಟ್ಟಿದ ಬೆಚ್ಚನೆಯ ನೀರು ಮುಂಭಾಗದಲ್ಲಿ ಕಂಡರೆ ಬಾಗಿಲು, ನೊರೆ ಅಥವಾ ತೋಳುಗಳ ಕಡೆ ನೋಡಬೇಕು. ನೀರು ಹೊರಹೋಗುವ ಸದ್ದು ಕೇಳಿದಾಗಲೇ ಕೊಳೆನೀರು ಬಂದರೆ ಹೊರಪೈಪು ಅಥವಾ ಸಿಂಕಿನ ಕೊಳವೆಯೇ ಕಾರಣ.

ಇವುಗಳಲ್ಲಿ ನೊರೆಯ ಕಾಟ ನಮ್ಮ ಮನೆಗಳಲ್ಲಿ ಸರ್ವೇಸಾಮಾನ್ಯ. ಯಂತ್ರಕ್ಕೆಂದೇ ತಯಾರಾದ ಪುಡಿ ಮುಗಿದಾಗ, ಕೈಯಲ್ಲಿ ಪಾತ್ರೆ ತೊಳೆಯುವ ದ್ರವವನ್ನು ‘ಒಂದೇ ಚಮಚ’ ಎಂದು ಹಾಕುವವರಿದ್ದಾರೆ. ಆ ಒಂದು ಚಮಚ ಒಳಗೆ ನೊರೆಯ ಬೆಟ್ಟವನ್ನೇ ಎಬ್ಬಿಸುತ್ತದೆ. ನೊರೆಯು ಬಾಗಿಲ ಸಂದಿನಿಂದ ಹೊರಬಂದು ನೀರಾಗುತ್ತದೆ. ಯಂತ್ರ ಮಾತ್ರ ನಿರ್ದೋಷಿ. ಹೊಳಪು ಕೊಡಲು ಹಾಕುವ ದ್ರವವು ಅದರ ಖಾನೆಯಿಂದ ಚೆಲ್ಲಿದರೂ ಇದೇ ಫಲ. ಯಂತ್ರವನ್ನು ನಿಲ್ಲಿಸಿ, ಉಗಿ ತಗ್ಗಿದ ಮೇಲೆ ಬಾಗಿಲು ತೆರೆದು ನೋಡಿದರೆ ಸತ್ಯ ತಿಳಿಯುತ್ತದೆ. ನೊರೆಯನ್ನು ಬಟ್ಟಲಿನಿಂದ ತೆಗೆದುಹಾಕಿ, ಏನನ್ನೂ ಬೆರೆಸದೆ ಬರಿಯ ತಣ್ಣೀರಿನಲ್ಲಿ ಎರಡು ಮೂರು ಬಾರಿ ಜಾಲಿಸಿದರೆ ಸಾಕು.

ಎರಡನೆಯದು ಪಾತ್ರೆ ಜೋಡಿಸುವ ಕ್ರಮ. ಈ ಯಂತ್ರಗಳು ತಟ್ಟೆ ಬಟ್ಟಲುಗಳ ಲೆಕ್ಕದಲ್ಲಿ ರೂಪುಗೊಂಡವು. ನಾವು ಅವುಗಳೊಳಗೆ ಬಾಣಲೆ, ಕುಕ್ಕರು, ಇಡ್ಲಿ ತಟ್ಟೆಗಳನ್ನು ತುರುಕುತ್ತೇವೆ. ಸೌಟಿನ ಹಿಡಿಯೊಂದು ಬುಟ್ಟಿಯ ಕೆಳಗಿಳಿದು ತೋಳನ್ನು ತಡೆದರೆ, ಅದು ತಿರುಗದೆ ನಿಂತು ಒಂದೇ ಕಡೆಗೆ, ಕೆಲವೊಮ್ಮೆ ನೇರವಾಗಿ ಬಾಗಿಲಿನ ಅಡಿಭಾಗಕ್ಕೆ, ನೀರನ್ನು ಬಡಿಯುತ್ತದೆ. ಅಗಲ ಬಾಯಿಯ ಬಾಣಲೆಯನ್ನು ಬಾಗಿಲ ಬಳಿಯಲ್ಲೇ ಇಟ್ಟರೂ ನೀರು ಅದಕ್ಕೆ ತಾಗಿ ಮುಂದಕ್ಕೆ ಸಿಡಿಯುತ್ತದೆ. ಬಾಗಿಲು ಮುಚ್ಚುವ ಮುನ್ನ ತೋಳುಗಳನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡುವುದನ್ನು ರೂಢಿಸಿಕೊಳ್ಳಬೇಕು. ತೋಳಿನ ರಂಧ್ರಗಳಲ್ಲಿ ಸಾಸಿವೆಯೋ ಅನ್ನದ ಅಗುಳೋ ಸಿಕ್ಕಿದ್ದರೆ ಹಲ್ಲುಕಡ್ಡಿಯಿಂದ ತೆಗೆಯಬಹುದು. ತಳದ ಫಿಲ್ಟರನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ತೊಳೆಯಬೇಕು. (ರೊಟ್ಟಿಯ ಕಬ್ಬಿಣದ ಹಂಚನ್ನು ಯಂತ್ರದೊಳಗೆ ಇಡುವ ಸಾಹಸವನ್ನಂತೂ ಯಾರೂ ಮಾಡದಿರಲಿ. ಹಂಚಿನ ಪಳಗಿದ ಎಣ್ಣೆಯ ಪದರ ಹೋಗಿ, ತುಕ್ಕು ಮಾತ್ರ ಉಳಿಯುತ್ತದೆ.)

ರಬ್ಬರಿನ ಸರದಿ ಇದಾದ ಮೇಲೆ. ಅನೇಕ ಯಂತ್ರಗಳಲ್ಲಿ ಮೇಲಕ್ಕೂ ಎರಡು ಪಕ್ಕಗಳಿಗೂ ಸೇರಿ ಒಂದು ಪಟ್ಟಿ, ಬಾಗಿಲ ಅಡಿಗೆ ಬೇರೊಂದು ಪಟ್ಟಿ ಇರುತ್ತದೆ. ಅಡಿಯ ಪಟ್ಟಿಯಲ್ಲಿಯೇ ಒಗ್ಗರಣೆಯ ಜಿಡ್ಡು, ಬೇಳೆಯ ಚೂರು ಸೇರಿಕೊಳ್ಳುವುದು ಹೆಚ್ಚು. ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮಡಿಕೆಗಳೊಳಗೆಲ್ಲ ಒರೆಸಿ ನೋಡಬೇಕು. ಗಾಡಿಯಿಂದ ಹೊರಬಂದಿದ್ದರೆ ಬೆರಳಿನಿಂದ ಒತ್ತಿ ಕೂರಿಸಬಹುದು. ಬಿರುಕು ಬಿಟ್ಟಿದ್ದರೆ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಬದಲಿಸದೆ ವಿಧಿಯಿಲ್ಲ. ಅಂಟು ಬಳಿದು ತೇಪೆ ಹಚ್ಚುವುದರಿಂದ ಪ್ರಯೋಜನವಿಲ್ಲ. ಯಂತ್ರವು ಮುಂದಕ್ಕೆ ವಾಲಿದ್ದರೂ ನೀರು ಬಾಗಿಲ ಅಂಚನ್ನು ದಾಟುತ್ತದೆ. ಗಾರೆಯವರ ರಸಮಟ್ಟವನ್ನು ಇಟ್ಟು ನೋಡಿ, ಕಾಲುಗಳ ತಿರುಪನ್ನು ಹೊಂದಿಸಿದರೆ ಸರಿಹೋಗುತ್ತದೆ.

ನಲ್ಲಿಯ ಕಡೆಯ ಸೋರಿಕೆ ಬಹುಮಟ್ಟಿಗೆ ಕೆಲವೇ ರೂಪಾಯಿಯ ವಾಷರಿನದು. ಮುಕ್ಕಾಲು ಅಂಗುಲದ ನಟ್ಟನ್ನು ಬಿಚ್ಚಿ, ಸವೆದ ವಾಷರನ್ನು ಬದಲಿಸಿ, ಕೈಯಿಂದ ಬಿಗಿಮಾಡಿದರೆ ಸಾಕು. ಸ್ಪ್ಯಾನರಿನಿಂದ ಅತಿಯಾಗಿ ಹಿಂಡಿದರೆ ಹೊಸ ವಾಷರೂ ಹರಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವುಂಟು. ಮೇಲಿನ ತೊಟ್ಟಿಯಿಂದ ಇಳಿಯುವ ನೀರಿಗೆ ಹತ್ತು ಮೀಟರ್ ಎತ್ತರಕ್ಕೆ ಸುಮಾರು ಒಂದು ಬಾರ್ ಒತ್ತಡ ಸಿಗುತ್ತದೆ. ತೊಟ್ಟಿಯ ಕೆಳಗೇ ಇರುವ ಮೇಲಂತಸ್ತಿನ ಮನೆಗಳಿಗೆ ಅದು ಸಾಲದೆ, ಪ್ರೆಷರ್ ಪಂಪು ಹಾಕಿಸುತ್ತಾರೆ. ಪಂಪು ಬಂದ ಬಳಿಕ ಹಳೆಯ ಕೀಲುಗಳು ತೊಟ್ಟಿಕ್ಕತೊಡಗುವುದು ಸಹಜ. ಕೆಲವು ಪೈಪುಗಳ ತುದಿಯಲ್ಲಿ ದಪ್ಪನೆಯ ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ಅದರೊಳಗೆ ವಿದ್ಯುತ್ ಕವಾಟವಿರುವುದರಿಂದ ಅಂಥ ಪೈಪನ್ನು ಕತ್ತರಿಸುವುದಾಗಲಿ ನೀರಿನಲ್ಲಿ ಅದ್ದುವುದಾಗಲಿ ಸಲ್ಲದು.

ನೀರಿನ ಗುಣವನ್ನೂ ಮರೆಯುವಂತಿಲ್ಲ. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಏರಿ ಬರುವ ಕಾವೇರಿಯ ನೀರು ಒಂದು ಬಗೆ. ಕೊಳವೆಬಾವಿ ಮತ್ತು ಟ್ಯಾಂಕರಿನ ಗಡಸು ನೀರು ಇನ್ನೊಂದು ಬಗೆ. ಗಡಸು ನೀರಿನ ಬಿಳಿಯ ಸುಣ್ಣದ ಪದರ ರಬ್ಬರಿನ ಮೇಲೂ ರಂಧ್ರಗಳಲ್ಲೂ ಕೂರುತ್ತದೆ. ಇದಕ್ಕೆಂದೇ ಯಂತ್ರದ ತಳದಲ್ಲಿ ವಿಶೇಷ ಉಪ್ಪಿನ ಖಾನೆಯಿದೆ. ಅಡುಗೆಯ ಪುಡಿಯುಪ್ಪು ಅಲ್ಲಿ ನಡೆಯದು. ಖಾನೆ ತುಂಬುವಾಗ ಉಪ್ಪುನೀರು ಒಳಗೆ ಚೆಲ್ಲಿದರೆ ಆಗಲೇ ಯಂತ್ರವನ್ನು ಒಮ್ಮೆ ಓಡಿಸಬೇಕು. ಹಾಗೆಯೇ ಬಿಟ್ಟರೆ ಸ್ಟೀಲಿನ ತಳವನ್ನೇ ಉಪ್ಪು ತಿಂದು ತೂತು ಮಾಡೀತು. ಅಂಥ ಸೋರಿಕೆಗೆ ಮನೆಮದ್ದಿಲ್ಲ. 2024ರ ಬೇಸಗೆಯಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಜಲಮಂಡಲಿಯು 5,000 ರೂಪಾಯಿ ದಂಡ ವಿಧಿಸಿದ್ದನ್ನು ಕಂಡ ಊರಿನಲ್ಲಿ, ತೊಟ್ಟಿಕ್ಕುವ ನಲ್ಲಿಯೂ ಸಣ್ಣ ಮಾತಲ್ಲ.

ಕೆಲವೊಮ್ಮೆ ನೆಲವೆಲ್ಲ ಒಣಗಿರುತ್ತದೆ, ಯಂತ್ರ ಮಾತ್ರ ಕೆಲಸ ಬಿಟ್ಟು, ನೀರು ಹೊರಹಾಕುವ ಪಂಪಿನ ಗುಂಯ್‌ಗುಡುವಿಕೆಯನ್ನು ನಿಲ್ಲಿಸುವುದೇ ಇಲ್ಲ. ಹಲವು ಯಂತ್ರಗಳ ತಳದ ತಟ್ಟೆಯಲ್ಲಿ ಥರ್ಮೋಕೋಲಿನ ತೇಲುಗುಂಡು ಇರುತ್ತದೆ. ಒಳಗಡೆ ಸೋರಿದ ನೀರು ಅದನ್ನು ಮೇಲಕ್ಕೆತ್ತಿದಾಗ ಒಂದು ಸ್ವಿಚ್ಚು ಒತ್ತಿ, ಅಪಾಯವನ್ನು ಸೂಚಿಸುತ್ತದೆ. ಯಂತ್ರವನ್ನು ವಾಲಿಸಿ ಆ ನೀರನ್ನು ಚೆಲ್ಲಿದರೆ ತಾತ್ಕಾಲಿಕವಾಗಿ ಓಡುವುದೇನೋ ನಿಜ, ಆದರೆ ಸೋರುವ ಜಾಗ ಒಳಗೇ ಇರುತ್ತದೆ. ಪಂಪಿನ ಸೀಲು, ಒಳಪೈಪುಗಳು, ತಂತಿಗಳು ಇರುವ ಈ ಭಾಗಕ್ಕೆ ಮನೆಯವರು ಕೈ ಹಾಕದೆ ತಿಳಿದವರನ್ನೇ ಕರೆಸುವುದು ಲೇಸು.

ಕರೆಸುವಾಗ ಬಾಗಿಲಿನ ಅಂಚಿನಲ್ಲಿ ಅಂಟಿಸಿರುವ ಮಾದರಿ ಸಂಖ್ಯೆಯನ್ನು ಮೊದಲೇ ಬರೆದು ಹೇಳಿದರೆ, ಸರಿಯಾದ ರಬ್ಬರನ್ನೋ ಸೀಲನ್ನೋ ಒಂದೇ ಸಲಕ್ಕೆ ತರುತ್ತಾರೆ, ಎರಡು ಬಾರಿ ಭೇಟಿಯ ಶುಲ್ಕ ಉಳಿಯುತ್ತದೆ. ಯಾವ ಹಾಳೆ ಯಾವ ಹೊತ್ತಿನಲ್ಲಿ ನೆನೆಯಿತೆಂಬುದನ್ನೂ ತಿಳಿಸಬೇಕು. ದುರಸ್ತಿ ಮುಗಿದ ಮೇಲೆ, ಬಂದವರು ಹೊರಡುವ ಮುನ್ನವೇ, ಪಾತ್ರೆಯಿಲ್ಲದೆ ಒಮ್ಮೆ ಓಡಿಸಿ, ಹಾಸಿದ ಹಾಳೆಗಳು ಒಣಗಿಯೇ ಇವೆಯೇ ಎಂದು ನೋಡಿಕೊಂಡು ಹಣ ಕೊಡುವುದು.